ಮಳೆ ಲೆಕ್ಕ ಶಾಲೆಯ ಗೋಡೆಗೆ ಬಂದಾಗ

ಜುಲೈ ತಿಂಗಳು, ರಾತ್ರಿ ಒಂಬತ್ತರ ಬುಲೆಟಿನ್. ಮಲೆನಾಡಿನಲ್ಲಿ ಮಳೆ ಜೋರು, ಟಿವಿಯವರು ನಾವು ಅದಕ್ಕಿಂತ ಜೋರು. ನನ್ನ ಹಿಂದಿನ ಪರದೆಯಲ್ಲಿ ಜಿಲ್ಲೆಗೊಂದು ನೀಲಿ ಹನಿ. ಹೆಚ್ಚು ಮಳೆ ಬಿದ್ದ ಜಿಲ್ಲೆಗೆ ದೊಡ್ಡ ಹನಿ, ಕಡಿಮೆ ಬಿದ್ದ ಜಿಲ್ಲೆಗೆ ಚಿಕ್ಕ ಹನಿ. ಚಿಕ್ಕಮಗಳೂರಿನ ಹನಿಯಂತೂ ಪಕ್ಕದ ಹಾಸನವನ್ನು ನುಂಗಿಬಿಡುವಷ್ಟು ದೊಡ್ಡದು. ನೋಡಲು ಚೆನ್ನಾಗಿತ್ತು. ನಾನೂ ಕೈ ತೋರಿಸಿ ತೋರಿಸಿ ಮಾತಾಡಿದೆ.

ಎರಡು ದಿನ ಬಿಟ್ಟು ಒಂದು ಫೋನ್ ಬಂತು. ಮೂಡಿಗೆರೆ ಕಡೆಯ ಶಾಲೆಯೊಂದರ ಟೀಚರ್. "ಸರ್, ಬೇಜಾರು ಮಾಡ್ಕೋಬೇಡಿ. ನಮ್ಮ ಎಂಟನೇ ಕ್ಲಾಸಿನ ಮಕ್ಕಳದ್ದು ಒಂದು ಡೌಟು. ಹಾಸನಕ್ಕಿಂತ ಚಿಕ್ಕಮಗಳೂರಲ್ಲಿ ಎರಡು ಪಟ್ಟು ಮಳೆ ಅಂತ ಬಾಯಲ್ಲಿ ನೀವೇ ಹೇಳಿದ್ರಿ. ಹನಿ ಮಾತ್ರ ನಾಲ್ಕು ಪಟ್ಟು ದೊಡ್ಡದು ತೋರಿಸಿದೀರಲ್ಲ ಮಾರಾಯ್ರೆ, ಅದ್ಯಾಕೆ?"

ನಿಜ ಹೇಳ್ತೀನಿ, ಮೊದಲು ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಅವರೇ ವಿವರಿಸಿದರು. ಟಿವಿ ಪರದೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು, ಪ್ರಿಂಟ್ ಹಾಕಿಸಿದ್ದರು. ಎರಡು ಹನಿಗಳನ್ನೂ ಗ್ರಾಫ್ ಹಾಳೆಯ ಮೇಲೆ ಟ್ರೇಸ್ ಮಾಡಿಸಿ, ಒಳಗೆ ಎಷ್ಟೆಷ್ಟು ಚೌಕ ಬೀಳುತ್ತದೆ ಅಂತ ಮಕ್ಕಳ ಕೈಲಿ ಎಣಿಸಿದ್ದರು. ಎಣಿಸಿದರೆ ಒಂದಕ್ಕೆ ನಾಲ್ಕು.

ನಾನು ಎಂಜಿನಿಯರಿಂಗ್ ಓದಿ ಈ ಕೆಲಸಕ್ಕೆ ಬಂದವನು. ಆಗ ನಾನಿದ್ದ ಚಾನೆಲ್ ಯಾವುದು ಅಂತ ಕೇಳಬೇಡಿ. ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ನೋಡಿದರೆ ತಪ್ಪು ಬಹಳ ಸರಳವಾಗಿತ್ತು. ಮಳೆ ಎರಡು ಪಟ್ಟು ಅಂತ ನಮ್ಮವರು ಹನಿಯ ಎತ್ತರವನ್ನು ಎರಡು ಪಟ್ಟು ಎಳೆದಿದ್ದರು. ಹನಿ ಸೊಟ್ಟಗೆ ಕಾಣಬಾರದು ನೋಡಿ, ಹಾಗಾಗಿ ಕಂಪ್ಯೂಟರ್ ಅಗಲವನ್ನೂ ತಾನೇ ಎರಡು ಪಟ್ಟು ಮಾಡಿತ್ತು. ಎರಡೆರಡ್ಲಿ ನಾಲ್ಕು. ನೋಡುವವರ ಕಣ್ಣು ಎತ್ತರವನ್ನು ಬಿಟ್ಟು ಒಟ್ಟು ನೀಲಿ ಎಷ್ಟಿದೆ ಅಂತ ನೋಡುತ್ತದೆ. ಹನಿಯ ಬದಲು ಉಬ್ಬಿದ ಕಾಫಿ ಮೂಟೆಯ ಚಿತ್ರ ಹಾಕಿ, ಉದ್ದ ಅಗಲ ದಪ್ಪ ಮೂರನ್ನೂ ಎರಡು ಪಟ್ಟು ಮಾಡಿದ್ದರೆ ಕಣ್ಣಿಗೆ ಎಂಟು ಮೂಟೆಯಷ್ಟು ಕಾಣುತ್ತಿತ್ತು.

ಸಾವಿರಾರು ಮನೆಗಳಲ್ಲಿ ನೋಡಿದ ಆ ಚಿತ್ರವನ್ನು ಹಿಡಿದದ್ದು ಮೂಡಿಗೆರೆಯ ಎಂಟನೇ ಕ್ಲಾಸು. ಹೇಗೆ ಹಿಡಿದರು? ಕಾರಣ ಆ ಶಾಲೆಯ ಗೋಡೆಯ ಮೇಲಿತ್ತು. ಮುಂದೆ ಕಳಸದ ಕಡೆ ವರದಿಗೆ ಹೋದಾಗ ದಾರಿಯಲ್ಲಿ ಆ ಶಾಲೆಗೂ ಹೋಗಿದ್ದೆ. ಅಲ್ಲಿ ನೋಡಿದ್ದನ್ನೇ ಇವತ್ತು ಹೇಳಬೇಕು ಅಂತಿದ್ದೇನೆ.

ಅದಕ್ಕೂ ಮೊದಲು, ಇನ್ಫೋಗ್ರಾಫಿಕ್ ಅಂದರೆ ಏನು? ಮಾಹಿತಿಯನ್ನು ಸಾಲು ಸಾಲಾಗಿ ಬರೆಯದೆ, ಕಣ್ಣಿಗೆ ಒಮ್ಮೆಲೇ ಹೊಳೆಯುವಂತೆ ಚಿತ್ರವಾಗಿ ಜೋಡಿಸುವುದು. ಬಾರ್, ಗೆರೆ, ಬಣ್ಣ ಹಚ್ಚಿದ ಭೂಪಟ, ಬಾಣದ ಗುರುತು ಎಲ್ಲವೂ ಇದರಲ್ಲೇ ಬರುತ್ತವೆ. ಟಿವಿ ಬಂದ ಮೇಲೆ ಹುಟ್ಟಿದ್ದೇನಲ್ಲ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಅನ್ನುವವರು 1786ರಲ್ಲೇ ದೇಶದೇಶಗಳ ವ್ಯಾಪಾರವನ್ನು ಗೆರೆ ಮತ್ತು ಬಾರ್‌ಗಳಲ್ಲಿ ಬರೆದು ಪುಸ್ತಕ ಮಾಡಿದರು. 1854ರಲ್ಲಿ ಲಂಡನ್ನಿನ ಒಂದು ಬಡಾವಣೆಯಲ್ಲಿ ಕಾಲರಾ ಬಂದಾಗ ಡಾಕ್ಟರ್ ಜಾನ್ ಸ್ನೋ ಯಾವ್ಯಾವ ಮನೆಯಲ್ಲಿ ಸಾವಾಗಿದೆ ಅಂತ ಭೂಪಟದ ಮೇಲೆ ಗುರುತು ಹಾಕಿದರು. ಗುರುತುಗಳು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತಲೇ ಗುಂಪಾಗಿದ್ದವು.

ಫ್ಲಾರೆನ್ಸ್ ನೈಟಿಂಗೇಲ್ ಗೊತ್ತಲ್ಲ, ದೀಪ ಹಿಡಿದ ದಾದಿ ಅಂತ ನಾವೆಲ್ಲ ಓದಿದವರು? ಯುದ್ಧದಲ್ಲಿ ಗಾಯದಿಂದ ಸತ್ತ ಸೈನಿಕರಿಗಿಂತ ಆಸ್ಪತ್ರೆಯ ಕೊಳಕಿನಿಂದ, ರೋಗದಿಂದ ಸತ್ತವರೇ ಜಾಸ್ತಿ ಅಂತ ಸರ್ಕಾರಕ್ಕೆ ಮನದಟ್ಟು ಮಾಡಲು ಅವರು 1858ರಲ್ಲಿ ಹೂವಿನ ಎಸಳಿನಂಥ ನಕ್ಷೆ ಪ್ರಕಟಿಸಿದರು. ಸ್ವಾರಸ್ಯ ಏನು ಗೊತ್ತಾ? ಅವರೂ ಮೊದಮೊದಲ ಚಿತ್ರಗಳಲ್ಲಿ ನಮ್ಮ ಹನಿಯ ತಪ್ಪನ್ನೇ ಮಾಡಿದ್ದರು. ಸಾವಿನ ಸಂಖ್ಯೆಯನ್ನು ಕೇಂದ್ರದಿಂದ ಅಂಚಿಗೆ ಇರುವ ಉದ್ದಕ್ಕೆ ಹೊಂದಿಸಿದ್ದರು. ಆಮೇಲೆ ತಿದ್ದಿಕೊಂಡು, ಎಸಳಿನ ವಿಸ್ತೀರ್ಣ ಸಂಖ್ಯೆಗೆ ಹೊಂದುವಂತೆ ಬರೆದರು. ತಪ್ಪಿಗೆ ನನಗೆ ಒಳ್ಳೆಯ ಜೊತೆಯೇ ಸಿಕ್ಕಿತು ಅಂದುಕೊಂಡೆ.

ಈಗ ಮಲೆನಾಡಿಗೆ ಬನ್ನಿ. ಕಾಫಿ ಸೀಮೆಯ ಹೊರಗಿನವರಿಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ. ಅಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಯಾರೂ ಮಾತಾಡಲ್ಲ. ಇಂಚು ಮತ್ತು ಸೆಂಟ್ಸು. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. "ನಿಮ್ಮಲ್ಲಿ ಎಷ್ಟಾಯ್ತು?" "ಮೂರು ಇಂಚು ಇಪ್ಪತ್ತು." ಮಳೆಗಾಲದ ಬೆಳಗ್ಗೆ ತೋಟದಿಂದ ತೋಟಕ್ಕೆ ಫೋನಿನಲ್ಲಿ ನಡೆಯುವ ಮೊದಲ ಮಾತು ಇದೇ. ತೋಟದ ಅಂಗಳದಲ್ಲಿ ರೇನ್ ಗೇಜ್ ಇರುತ್ತದೆ. ಬೆಳಗ್ಗೆ ಅಳೆದು, ರೈಟರೋ ಮನೆಯ ಯಜಮಾನರೋ ಪುಸ್ತಕದಲ್ಲಿ ಬರೆಯುತ್ತಾರೆ. ಅಜ್ಜನ ಕಾಲದಿಂದ ಒಂದು ದಿನವೂ ಬಿಡದೆ ಬರೆದಿಟ್ಟ ಮನೆಗಳಿವೆ. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಯಂತ್ರಗಳು ಮಳೆ ಅಳೆದು ತಾವೇ ಬೆಂಗಳೂರಿಗೆ ಸಂದೇಶ ಕಳಿಸುತ್ತವೆ. ಆದರೂ ಮನೆಯ ಪುಸ್ತಕ ನಿಂತಿಲ್ಲ.

ಅಷ್ಟೊಂದು ಲೆಕ್ಕ ಯಾಕೆ? ಕಾಫಿ ಗಿಡ ಮಳೆಯ ಮಾತು ಕೇಳಿ ಹೂ ಬಿಡುವ ಗಿಡ. ಫೆಬ್ರವರಿಯಿಂದ ಏಪ್ರಿಲ್ ನಡುವೆ ಒಣಗಿ ಕಾದ ಗಿಡಕ್ಕೆ ಸುಮಾರು ಒಂದು ಇಂಚು ಹದವಾದ ಮಳೆ ಬಿದ್ದರೆ, ಎಂಟು ಹತ್ತು ದಿನದಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಇದೇ ಹೂಮಳೆ. ಕೆಲವು ವಾರ ಬಿಟ್ಟು ಇನ್ನೊಂದು ಮಳೆ ಬೇಕು, ಕಾಯಿ ಕಚ್ಚಿ ನಿಲ್ಲಲಿಕ್ಕೆ. ಅದಕ್ಕೆ ತೋಟದವರು ಬ್ಯಾಕಿಂಗ್ ಅಂತಾರೆ. ಹೂಮಳೆ ಅರೆಬರೆ ಬಿತ್ತೋ, ಅರಳಿದ ದಿನವೇ ಸುರಿಯಿತೋ, ಬ್ಯಾಕಿಂಗ್ ಕೈಕೊಟ್ಟಿತೋ, ವರ್ಷದ ಫಸಲಿಗೆ ಪೆಟ್ಟು. ರೊಬಸ್ಟಾದವರು ನೀರಿದ್ದರೆ ಸ್ಪ್ರಿಂಕ್ಲರ್ ಹಾಕಿಯಾದರೂ ಹೂ ಅರಳಿಸುತ್ತಾರೆ. ನೀರಿನ ಅನುಕೂಲವಿಲ್ಲದ ಸಣ್ಣ ಬೆಳೆಗಾರ ಆಕಾಶ ನೋಡುತ್ತಾನೆ.

ಆ ಟೀಚರ್ ಮಾಡಿದ್ದು ಇಷ್ಟೇ. ಈ ಮಳೆ ಲೆಕ್ಕವನ್ನು ಮನೆಯ ಪುಸ್ತಕದಿಂದ ಶಾಲೆಯ ಗೋಡೆಗೆ ತಂದರು. ಮೊದಲು ತೋಟದ ಮನೆಯ ಮಕ್ಕಳಿಗೆ ಹಳೆಯ ಪುಸ್ತಕದಿಂದ ಒಂದು ವರ್ಷದ ಲೆಕ್ಕ ಬರೆದುಕೊಂಡು ಬನ್ನಿ ಅಂದರಂತೆ. ಆಗ ಒಂದು ತೊಡಕು ಬಂತು. ಕ್ಲಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಲೈನ್ ಮನೆಯವರು. ಅವರ ಮನೆಯಲ್ಲಿ ಯಾವ ಪುಸ್ತಕ? ಮಳೆಯಲ್ಲಿ ನೆನೆಯುವವರು ಅವರ ಅಪ್ಪ ಅಮ್ಮ, ಮಳೆಯ ಲೆಕ್ಕ ಮಾತ್ರ ಇನ್ನೊಬ್ಬರ ಮನೆಯಲ್ಲಿ. "ಹಾಗಾದ್ರೆ ನಾವೇ ಅಳೆಯುವ" ಅಂತ ಟೀಚರ್ ಶಾಲೆಗೇ ಒಂದು ಗೇಜ್ ಮಾಡಿಸಿದರು.

ಮಾಡುವುದು ಸುಲಭ, ಮನೆಯಲ್ಲೂ ಮಾಡಬಹುದು. ಬದಿ ನೆಟ್ಟಗಿರುವ ದೊಡ್ಡ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗು ಇರುತ್ತದಲ್ಲ, ಅಲ್ಲಿಗೆ ಸಣ್ಣ ಕಲ್ಲು ಹಾಕಿ ಮುಳುಗುವಷ್ಟು ನೀರು ಹೊಯ್ದು, ಆ ನೀರಿನ ಮಟ್ಟಕ್ಕೆ ಸೊನ್ನೆ ಅಂತ ಗೆರೆ ಹಾಕಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಸಿಲ್ವರ್ ಓಕ್ ಮರದ ಕೆಳಗೆ ಇಡಬೇಡಿ, ಬಯಲಿನಲ್ಲಿ ಇಡಿ. ಮಕ್ಕಳು ಇಲ್ಲಿ ತಪ್ಪದೇ ಕೇಳುವ ಪ್ರಶ್ನೆ ಒಂದಿದೆ: ಅಗಲ ಬಾಟಲಿ ಇಟ್ಟರೆ ಮಳೆ ಜಾಸ್ತಿ ಬೀಳಲ್ವಾ? ಬೀಳುತ್ತದೆ. ಅಗಲವಾದ ಬಾಟಲಿಗೆ ಹೆಚ್ಚು ನೀರು ಬೀಳುತ್ತದೆ, ಆ ನೀರು ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ. ಆದ್ದರಿಂದ ಎತ್ತರ ಒಂದೇ. ಒಂದು ಇಂಚು ಮಳೆ ಅಂದರೆ ಅಂಗಳದ ನೀರು ಹರಿಯದೆ, ಇಂಗದೆ ಹಾಗೇ ನಿಂತಿದ್ದರೆ ಒಂದು ಇಂಚು ಎತ್ತರ ನಿಲ್ಲುತ್ತಿತ್ತು ಅಂತ ಅರ್ಥ. ಇಷ್ಟು ವರ್ಷ ವಾರ್ತೆ ಓದಿದ ನಾನೂ ಈ ಮಾತನ್ನು ಇಷ್ಟು ಸರಳವಾಗಿ ಯಾವತ್ತೂ ಹೇಳಿರಲಿಲ್ಲ.

ಅಳೆದದ್ದಾಯಿತು, ಬರೆಯುವುದು ಹೇಗೆ? ನಿಜವಾದ ಪಾಠ ಶುರುವಾಗುವುದು ಇಲ್ಲಿ.

ಒಂದು ಇಂಚು ಮಳೆಗೆ ಒಂದು ಸೆಂಟಿಮೀಟರ್ ಎತ್ತರದ ಬಾರ್ ಅಂತ ಮಕ್ಕಳು ಶುರು ಮಾಡಿದರು. ಜುಲೈ ತಿಂಗಳಲ್ಲಿ 35 ಇಂಚು ಬಿತ್ತು ಅಂತ ಇಟ್ಟುಕೊಳ್ಳಿ. ಬಾರ್ 35 ಸೆಂಟಿಮೀಟರ್, ಹಾಳೆಯ ಉದ್ದವೇ 30 ಇಲ್ಲ. ಮಳೆ ಹಾಳೆ ಬಿಟ್ಟು ಹೊರಗೆ ಹೋಯಿತು. ಸರಿ, ಐದು ಇಂಚಿಗೆ ಒಂದು ಸೆಂಟಿಮೀಟರ್ ಮಾಡೋಣ. ಜುಲೈ ಏಳು ಸೆಂಟಿಮೀಟರಿಗೆ ಇಳಿದು ಚೆಂದವಾಗಿ ಕೂತಿತು. ಮಾರ್ಚಿನ ಒಂದು ಇಂಚು? ಎರಡು ಮಿಲಿಮೀಟರ್. ಪೆನ್ಸಿಲ್ ಗೆರೆಯಷ್ಟೇ. ಗೋಡೆಯ ಮೇಲೆ ನೇತುಹಾಕಿದರೆ ಹಿಂದಿನ ಬೆಂಚಿನವರಿಗೆ ಮಾರ್ಚಿನಲ್ಲಿ ಮಳೆಯೇ ಇಲ್ಲ.

ಆಗ ತೋಟದ ಮನೆಯ ಒಬ್ಬ ಹುಡುಗ ಎದ್ದು ನಿಂತನಂತೆ. "ಟೀಚರ್, ನಮ್ಮಪ್ಪ ವರ್ಷವಿಡೀ ಕಾಯೋದು ಆ ಮಳೇನೇ."

ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಯಾಕಂದ್ರೆ ಟಿವಿಯಲ್ಲಿ ನಾವು ದಿನಾ ಮಾಡುವ ಕೆಲಸ ಎತ್ತರದ ಬಾರ್ ಹುಡುಕುವುದು. ಎತ್ತರದ್ದು ಸುದ್ದಿ, ಗಿಡ್ಡದ್ದು ಸುದ್ದಿಯೇ ಅಲ್ಲ. ಜುಲೈನ 35 ಇಂಚಿಗೆ ನಾವು ಓಬಿ ವ್ಯಾನ್ ಕಳಿಸುತ್ತೇವೆ. ಮಾರ್ಚಿನ ಒಂದು ಇಂಚು ಬಾರದೆ ಹೋದರೆ ಯಾರೂ ಹೋಗಲ್ಲ. ಆ ಕ್ಲಾಸಿನ ಮಕ್ಕಳು ಕೊನೆಗೆ ಎರಡು ನಕ್ಷೆ ಮಾಡಿದರು. ಒಂದು ಇಡೀ ವರ್ಷದ್ದು, ಇನ್ನೊಂದು ಫೆಬ್ರವರಿಯಿಂದ ಮೇವರೆಗಿನದು ಮಾತ್ರ, ಬೇರೆ ಅಳತೆಯಲ್ಲಿ. ಎರಡರ ಅಳತೆ ಬೇರೆ ಬೇರೆ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದರು. ಎರಡನೆಯ ನಕ್ಷೆಯ ಕೆಳಗೆ ಬಿಳಿ ಹೂವಿನ ಗುರುತು, ಯಾವ ದಿನ ಯಾರ ತೋಟದಲ್ಲಿ ಹೂ ಅರಳಿತು ಅಂತ. ಮಳೆಯ ಬಾರಿಗೂ ಹೂವಿನ ಗುರುತಿಗೂ ನಡುವೆ ಎಂಟೊಂಬತ್ತು ಮನೆ ಬಿಟ್ಟು ಬಿಟ್ಟು ಬಂದದ್ದನ್ನು ಮಕ್ಕಳೇ ಎಣಿಸಿಕೊಂಡರು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇರುವುದು ಇಂಥ ಪ್ರಶ್ನೆಗಳಿಗಾಗಿಯೇ. ಅಲ್ಲಿನ ವಿಜ್ಞಾನಿಗಳ ಪ್ರಶ್ನೆಯ ಬಾಲವನ್ನು ಎಂಟನೇ ಕ್ಲಾಸು ಹಿಡಿದಿತ್ತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಇಷ್ಟವಾಯಿತು. ವರ್ಷದ ನಕ್ಷೆಯಲ್ಲಿ ಜುಲೈ ಆಗಸ್ಟಿನ ಕೆಲವು ದಿನ ಖಾಲಿ. ಯಾಕೆ ಅಂದೆ. ರಜೆ ಸರ್, ಅಂದರು ಮಕ್ಕಳು. ಜೋರು ಮಳೆ ಬಂದರೆ ಜಿಲ್ಲಾಡಳಿತ ಶಾಲೆಗೆ ರಜೆ ಕೊಡುತ್ತದಲ್ಲ! ಅಂದರೆ ಮಳೆ ಅತಿ ಹೆಚ್ಚು ಬಿದ್ದ ದಿನಗಳಲ್ಲೇ ಅಳೆಯುವವರು ಇಲ್ಲ. ಬಾಟಲಿ ತುಂಬಿ ಚೆಲ್ಲಿ ಹೋಗಿರುತ್ತದೆ. ಖಾಲಿ ಬಿಟ್ಟರೆ ನೋಡಿದವರು ಆ ದಿನ ಮಳೆಯೇ ಇಲ್ಲ ಅಂದುಕೊಳ್ಳುತ್ತಾರೆ. ಹಾಗಾಗಿ ಅಲ್ಲಿ ಅಡ್ಡ ಗೀಟು ಹಾಕಿ "ಅಳೆದಿಲ್ಲ" ಅಂತ ಬರೆದಿದ್ದರು. ಭಾನುವಾರದ್ದು ಇನ್ನೊಂದು ಫಜೀತಿ. ಸೋಮವಾರ ಬೆಳಗ್ಗೆ ಬಾಟಲಿಯಲ್ಲಿರುವುದು ಎರಡು ದಿನದ ಮಳೆ. ಅದನ್ನು ಸೋಮವಾರದ ತಲೆಗೆ ಕಟ್ಟಿದರೆ ಪ್ರತಿ ಸೋಮವಾರವೂ ಮಳೆ ಜಾಸ್ತಿ ಅಂತಾಗುತ್ತದೆ! ಅಂಕಿ ಇಲ್ಲದಿರುವುದು ಬೇರೆ, ಅಂಕಿ ಸೊನ್ನೆಯಾಗಿರುವುದು ಬೇರೆ. ಇದು ಗೊತ್ತಿಲ್ಲದೆ ಎಷ್ಟು ಸುದ್ದಿ ನಾವು ಓದಿದ್ದೇವೋ.

ಇದೆಲ್ಲ ಬರೀ ಕಾಫಿಯ ವಿಷಯ ಅಂದುಕೊಳ್ಳಬೇಡಿ. 2019ರ ಆಗಸ್ಟ್ ನೆನಪಿದೆಯಾ? ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಗ್ರಾಮಗಳಲ್ಲಿ ಗುಡ್ಡ ಜರಿದು ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. ಚಾರ್ಮಾಡಿ ಘಾಟಿ ಬಂದ್ ಆಯಿತು. ಅದರ ಹಿಂದಿನ ವರ್ಷವಷ್ಟೇ ಕೊಡಗು ನೋಡಿದ್ದೆವು. ಇಂಥ ದಿನಗಳಲ್ಲಿ ನಿಮ್ಮ ಪರದೆಯ ಮೇಲೆ ಬಣ್ಣ ಓಡುತ್ತಿರುತ್ತದೆ. ಯೆಲ್ಲೋ, ಆರೆಂಜ್, ರೆಡ್. ಈ ಬಣ್ಣದ ಅರ್ಥ ಎಷ್ಟು ಜನಕ್ಕೆ ಗೊತ್ತು? ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ವಿಪರೀತ ಭಾರಿ. ಮಲೆನಾಡಿನ ಮನೆಗೆ ಈ ಸಂಖ್ಯೆ ಪರಭಾಷೆ. 25.4 ಮಿಲಿಮೀಟರಿಗೆ ಒಂದು ಇಂಚು. ಹಾಗೆ ಲೆಕ್ಕ ಹಾಕಿದರೆ ಎರಡೂವರೆ ಇಂಚು, ನಾಲ್ಕೂವರೆ ಇಂಚು, ಎಂಟು ಇಂಚು. ಹೀಗೆ ಹೇಳಿ ನೋಡಿ, ಕಳಸದ ಅಜ್ಜಿಗೂ ತಕ್ಷಣ ಅಂದಾಜು ಸಿಗುತ್ತದೆ. ಇನ್ನು ಬಣ್ಣ ಹೇಳುವುದು ನಾವು ಏನು ಮಾಡಬೇಕು ಅನ್ನುವುದನ್ನು. ಹಳದಿ ಅಂದರೆ ಗಮನ ಇಟ್ಟಿರಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಕೂಡಲೇ ಕ್ರಮ ತಗೊಳ್ಳಿ. ಎಷ್ಟು ಇಂಚಿಗೆ ಯಾವ ಬಣ್ಣ ಅಂತ ಕಟ್ಟುನಿಟ್ಟಿನ ಗಂಟು ಇಲ್ಲ, ಮಳೆಯಿಂದ ಆ ಜಾಗಕ್ಕೆ ಆಗಬಹುದಾದ ಅಪಾಯವನ್ನೂ ನೋಡಿ ಬಣ್ಣ ಕೊಡುತ್ತಾರೆ. ಶಾಲೆಯ ಗೋಡೆಯ ಮೇಲೆ ಬರೆಯಲು ಇದಕ್ಕಿಂತ ಉಪಯೋಗದ ಚಿತ್ರ ಯಾವುದಿದೆ? ಬಣ್ಣದ ಜೊತೆಗೆ ಹೆಸರನ್ನೂ ಅಕ್ಷರದಲ್ಲಿ ಬರೆಯಬೇಕು ಅನ್ನುವುದು ನನ್ನ ಸೇರ್ಪಡೆ. ಕೆಂಪು ಹಸಿರು ಬೇರೆ ಮಾಡಿ ಕಾಣದ ಮಕ್ಕಳು ಇರುತ್ತಾರೆ, ಗಂಡುಮಕ್ಕಳಲ್ಲಿ ಹೆಚ್ಚು. ಎಷ್ಟೋ ಸಲ ಮನೆಯವರಿಗೂ ಗೊತ್ತಿರಲ್ಲ.

ಗುಡ್ಡದ ವಿಷಯಕ್ಕೆ ಬಂದರೆ ದಿನದ ಬಾರ್ ಕೂಡ ಸಾಲದು. ಒಂದು ಲೆಕ್ಕ ಮಾಡಿ. ಐದು ದಿನ ಸತತ ಮಳೆ: 3, 4, 5, 4, 3 ಇಂಚು. ಬಾರ್ ನಕ್ಷೆ ನೋಡಿದರೆ ಐದನೇ ದಿನ ಮಳೆ ಇಳಿದಿದೆ, ಅಬ್ಬ ಅನ್ನಿಸುತ್ತದೆ. ಈಗ ಅದೇ ಅಂಕಿಗಳನ್ನು ಕೂಡಿಸುತ್ತಾ ಹೋಗಿ: 3, 7, 12, 16, 19. ಗೆರೆ ಏರುತ್ತಲೇ ಇದೆ. ಗುಡ್ಡಕ್ಕೆ ಗೊತ್ತಿರುವುದು ಈ ಎರಡನೆಯ ಲೆಕ್ಕ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿಕೊಳ್ಳುತ್ತಾ ಹೋದಂತೆ ಕಣಕ್ಕೂ ಕಣಕ್ಕೂ ಇರುವ ಹಿಡಿತ ಸಡಿಲವಾಗುತ್ತದೆ, ಮಣ್ಣಿನ ಭಾರವೂ ಏರುತ್ತದೆ. ಅದಕ್ಕೇ ಎಷ್ಟೋ ಕಡೆ ಮಳೆ ಸ್ವಲ್ಪ ಹಿಂದೆ ಸರಿಯಿತು ಅನ್ನುವಾಗ ಗುಡ್ಡ ಜಾರುವುದು. ಶಾಲೆಯ ನಕ್ಷೆ ನೋಡಿ ಗುಡ್ಡ ಯಾವಾಗ ಜಾರುತ್ತದೆ ಅಂತ ಯಾರೂ ಹೇಳಲಾಗದು. ಇಳಿಜಾರು, ಮಣ್ಣಿನ ದಪ್ಪ, ಕಡಿದ ರಸ್ತೆ ಎಲ್ಲ ಲೆಕ್ಕಕ್ಕೆ ಬರುತ್ತದೆ. ಮನೆ ಬಿಡಿ ಅಂತ ಜಿಲ್ಲಾಡಳಿತ ಹೇಳಿದರೆ ಬಿಡಬೇಕು. ಆದರೆ "ಇವತ್ತು ಮಳೆ ಕಡಿಮೆ, ಯಾಕೆ ಬಿಡಬೇಕು?" ಅಂತ ಕೇಳುವ ಅಪ್ಪನಿಗೆ ಉತ್ತರ ಕೊಡಲು ಆ ಮಗುವಿನ ಕೈಯಲ್ಲಿ ಈಗ ಒಂದು ಗೆರೆ ಇದೆ.

ಅಂದ ಹಾಗೆ, ಕೂಡಿಸುತ್ತಾ ಹೋಗುವ ಈ ಗೆರೆಯ ಹತ್ತಿರದ ಸಂಬಂಧಿಯನ್ನು ನಾವೆಲ್ಲ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಬರೆದವರೇ. ಓಜೀವ್ ಅಂತ. "ಕೆಳಗಿನ ದತ್ತಾಂಶಗಳಿಗೆ ಓಜೀವ್ ರಚಿಸಿ." ಸ್ಕೇಲು ಹಿಡಿದು, ಚುಕ್ಕಿ ಇಟ್ಟು, ಪೂರ್ತಿ ಅಂಕ ತಗೊಂಡೆ. ಅದು ಯಾತಕ್ಕೆ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಅಂಕಿಯೇ ಇಲ್ಲದ ಒಂದು ಚಿತ್ರವೂ ಆ ಗೋಡೆಯ ಮೇಲಿತ್ತು. ಮೂಡಿಗೆರೆ ಕಳಸ ಸೀಮೆಯ ಗುಡ್ಡದ ಸಾಲು, ಮೇಲೆ ಮೂರು ಹನಿ. ಒಂದು ಹನಿ ಜಾವಳಿಯ ಹತ್ತಿರ ಬಿದ್ದು ಹೇಮಾವತಿಯಾಗಿ, ಕಾವೇರಿ ಸೇರಿ ಬಂಗಾಳಕೊಲ್ಲಿಗೆ. ಇನ್ನೊಂದು ಚಾರ್ಮಾಡಿಯ ಆಚೆ ಬದಿಗೆ ಜಾರಿ ನೇತ್ರಾವತಿಯಾಗಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ. ಮೂರನೆಯದು ಕಳಸದ ಭದ್ರೆಗೆ ಬಿದ್ದು, ತುಂಗಭದ್ರೆ, ಕೃಷ್ಣೆ ಅಂತ ಹೆಸರು ಬದಲಿಸುತ್ತಾ ಆಂಧ್ರಕ್ಕೆ. ಅಕ್ಕಪಕ್ಕದ ಮೂರು ಹನಿ, ಮೂರು ದಾರಿ. ಪಾಠದಲ್ಲಿ ನದಿಗಳ ಹೆಸರು ಬಾಯಿಪಾಠ ಮಾಡಿದ್ದ ಹುಡುಗಿಯೊಬ್ಬಳು ಈ ಚಿತ್ರ ಬರೆಯುವಾಗ ಕೇಳಿದಳಂತೆ, "ಹಾಗಾದ್ರೆ ಬೆಂಗಳೂರಿನವರು ಕುಡಿಯೋ ಕಾವೇರಿ ನೀರಲ್ಲಿ ನಮ್ಮೂರಿನ ಮಳೆಯೂ ಇದೆಯಾ ಟೀಚರ್?" ಇದೆ. ನಾನು ಬೆಂಗಳೂರಿನವನು, ತಲೆ ತಗ್ಗಿಸಿ ಒಪ್ಪಿಕೊಂಡೆ.

ಚಿತ್ರದಲ್ಲಿ ಪಾಠ ಮಾಡುವುದು ನಮ್ಮ ಸರ್ಕಾರಿ ಶಾಲೆಗೆ ಹೊಸದೇನೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದ ನಮ್ಮ ಮೇಷ್ಟರುಗಳು ಕಟ್ಟಿದ್ದು ಅದು. ಅಲ್ಲಿ ಕಲಿಕಾ ಏಣಿ ಅಂತ ಒಂದಿದೆ. ಪ್ರತಿ ಮೆಟ್ಟಿಲಿಗೂ ಒಂದು ಚಿಕ್ಕ ಚಿತ್ರದ ಗುರುತು. ಓದಲು ಬಾರದ ಒಂದನೇ ಕ್ಲಾಸಿನ ಮಗುವೂ ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ, ಮುಂದಿನದು ಯಾವುದು ಅಂತ ಚಿತ್ರ ನೋಡಿ ಹೇಳುತ್ತದೆ. ನನ್ನ ಪ್ರಕಾರ ಕನ್ನಡದ ಶಾಲೆಗಳಲ್ಲಿ ಅತಿ ಹೆಚ್ಚು ಮಕ್ಕಳು ಓದಿದ ಇನ್ಫೋಗ್ರಾಫಿಕ್ ಇದು. ದಿನದ ಹವಾಮಾನವನ್ನು ಮಕ್ಕಳೇ ಗುರುತು ಮಾಡುವ ನಕ್ಷೆಯೂ ಅಲ್ಲಿತ್ತು. ಅಂದರೆ ಬೀಜ ಒಂದನೇ ಕ್ಲಾಸಿನಲ್ಲೇ ಬಿದ್ದಿದೆ, ಮೇಲಿನ ಕ್ಲಾಸಿಗೆ ಹೋದ ಮೇಲೆ ನಾವು ನೀರು ಹಾಕುವುದಿಲ್ಲ.

ಕಾಫಿ ಸೀಮೆಯ ಶಾಲೆಗಳಿಗೆ ಇದರ ಅಗತ್ಯ ಹೆಚ್ಚು. ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಕೊಂಕಣಿ, ತಮಿಳು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳಿರುತ್ತಾರೆ. ಈಗೀಗ ಅಸ್ಸಾಂನಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಕನ್ನಡ ಇನ್ನೂ ಬಾಯಿಗೆ ಹತ್ತದ ಮಗು ಬಾರ್ ಎಳೆಯುವುದರಲ್ಲಿ ಎಲ್ಲರಿಗಿಂತ ಮುಂದಿರಬಹುದು. ಆದರೆ ಚಿತ್ರಕ್ಕೆ ಭಾಷೆಯೇ ಬೇಡ ಅನ್ನುವ ಮಾತನ್ನು ನಾನು ಒಪ್ಪಲ್ಲ. ಎಡದಿಂದ ಬಲಕ್ಕೆ ಕಾಲ ಹರಿಯುತ್ತದೆ, ಮೇಲೆ ಅಂದರೆ ಜಾಸ್ತಿ, ಕಡುಬಣ್ಣ ಅಂದರೆ ತೀವ್ರ ಅನ್ನುವುದೆಲ್ಲ ನಾವು ಮಾಡಿಕೊಂಡ ಒಪ್ಪಂದ. ಕ ಕಾ ಕಿ ಕಲಿಸಿದ ಹಾಗೆ ಇದನ್ನೂ ಕಲಿಸಬೇಕು.

ರೆಡಿಮೇಡ್ ಚಾರ್ಟ್ ಬಗ್ಗೆ ಎರಡು ಮಾತು. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ಫೋನಿನಲ್ಲೂ ಸಿಗುತ್ತದೆ, ಈಗ ಕೇಳಿದರೆ ಕಂಪ್ಯೂಟರೇ ಬರೆದುಕೊಡುತ್ತದೆ, ಒತ್ತಕ್ಷರ ಎಲ್ಲೋ ಹಾರಿಹೋದ ಕನ್ನಡದಲ್ಲಿ. ಮೂಲೆಯಲ್ಲಿ ನಗುವ ಸೂರ್ಯ, ಚಿಟ್ಟೆ, ಬಲೂನು. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ವರ್ಷಗಟ್ಟಲೆ ಪ್ರಯೋಗ ಮಾಡಿ ಹೇಳಿದ್ದು, ವಿಷಯಕ್ಕೆ ಸಂಬಂಧವಿಲ್ಲದ ಅಲಂಕಾರ ಕಲಿಕೆಯನ್ನು ಕಡಿಮೆ ಮಾಡುತ್ತದೆ ಅಂತ. ಮಗುವಿನ ಗಮನ ಅಷ್ಟೇ ಇರುವುದು, ಅದರಲ್ಲಿ ಅರ್ಧ ಚಿಟ್ಟೆಗೆ ಹೋದರೆ? ಇನ್ನು ಚಾರ್ಟ್ ನೇತುಹಾಕುವ ಎತ್ತರ! ಇನ್‌ಸ್ಪೆಕ್ಷನ್‌ಗೆ ಬಂದವರ ಕಣ್ಣಿನ ಮಟ್ಟದಲ್ಲಿ ಇರುತ್ತದೆ, ಮಕ್ಕಳದ್ದಲ್ಲ. ಸ್ಮಾರ್ಟ್ ಬೋರ್ಡ್ ಒಳ್ಳೆಯದೇ, ಆದರೆ ಜುಲೈನಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟ್ ಹೋದಾಗ ಕೆಲಸ ಮಾಡಿದ್ದು ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದ ನಕ್ಷೆ. ಸೊಟ್ಟಗಿತ್ತು. ಒಂದು ಕಡೆ ಬಿಳಿ ಶಾಯಿ ಬಳಿದು ತಿದ್ದಿದ್ದರು. ಆ ತಿದ್ದಿದ ಜಾಗದ ಬಗ್ಗೆಯೇ ಮಕ್ಕಳು ನನಗೆ ಹತ್ತು ನಿಮಿಷ ಹೇಳಿದರು.

ಸಿಲಬಸ್ ಮುಗಿಸಲು ಸಮಯ ಇಲ್ಲ, ಇದೆಲ್ಲ ಯಾವಾಗ ಮಾಡುವುದು ಅಂತ ಶಿಕ್ಷಕರು ಕೇಳುವುದು ನ್ಯಾಯವೇ. ಮೂರು ತರಗತಿಗೆ ಒಬ್ಬರೇ ಇರುವ ಶಾಲೆಗಳೂ ಈ ಗುಡ್ಡಗಳಲ್ಲಿವೆ. ಆ ಟೀಚರ್ ಹೇಳಿದ್ದು, ದಿನಕ್ಕೆ ಐದು ನಿಮಿಷ ಸರ್, ಪ್ರೇಯರ್ ಮುಗಿದ ಮೇಲೆ, ಅಳೆಯೋದು ಬರೆಯೋದು ಅವರೇ ಮಾಡ್ತಾರೆ. ತಿಂಗಳಿಗೊಂದು ಗಣಿತದ ಪೀರಿಯಡ್ ಮಾತ್ರ ನಾನು ತಗೊಳ್ಳೋದು ಅಂತ.

ಊರಿಗೆ ವಾಪಸ್ ಬಂದು ನಾನು ಗ್ರಾಫಿಕ್ಸ್ ವಿಭಾಗದಲ್ಲಿ ಕೂತು ಗಲಾಟೆ ಮಾಡಿ, ಹನಿ ತೆಗೆಸಿ ಬಾರ್ ಹಾಕಿಸಿದೆ. "ಬಾರ್ ಹಾಕಿದ್ರೆ ಯಾರು ನೋಡ್ತಾರೆ ಸರ್?" ಅಂದರು. ನೋಡುವವರು ಇದ್ದಾರೆ ಅಂದೆ. ಒಂದೆರಡು ವಾರ ಎಲ್ಲ ಸರಿಯಾಗಿತ್ತು. ಆಮೇಲೆ ಕಾಫಿ ರೇಟಿನ ಸುದ್ದಿ ಬಂತು. 50 ಕೆಜಿ ಮೂಟೆಗೆ ಬೆಲೆ ಹತ್ತು ಸಾವಿರದಿಂದ ಹತ್ತೂವರೆ ಸಾವಿರ ಆಯಿತು ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ, ನೂರಕ್ಕೆ ಐದು ಏರಿಕೆ. ನಮ್ಮ ಪರದೆಯ ಮೇಲೆ ಬಾರ್‌ಗಳು ಸೊನ್ನೆಯ ಬದಲು 9,900ರಿಂದ ಶುರುವಾಗಿದ್ದವು. ಮೊದಲ ಬಾರ್ ನೂರರಷ್ಟು, ಎರಡನೆಯದು ಆರುನೂರರಷ್ಟು, ಕಣ್ಣಿಗೆ ಆರು ಪಟ್ಟು. ರಾಕೆಟ್ ಗುರುತು ಬೇರೆ.

ಮರುದಿನ ಬೆಳಗ್ಗೆ ಮೂಡಿಗೆರೆಯಿಂದ ಮೆಸೇಜ್ ಬಂತು. "ಸರ್, ನಿನ್ನೆ ರಾತ್ರಿ ನಿಮ್ಮ ಬಾರಿನ ಕಾಲು ಎಲ್ಲಿ ಕತ್ತರಿಸಿದ್ರಿ ಅಂತ ಮಕ್ಕಳು ಕೇಳ್ತಿದಾರೆ. ಸೋಮವಾರದ ಪೀರಿಯಡ್ಡಿಗೆ ಉತ್ತರ ಬೇಕಂತೆ." ಕೆಳಗೆ ಗ್ರಾಫ್ ಹಾಳೆಯ ಫೋಟೊ. ಸೊನ್ನೆಯಿಂದ ಶುರು ಮಾಡಿ ಅವರೇ ಬರೆದ ಎರಡು ಬಾರ್, ಹೆಚ್ಚುಕಡಿಮೆ ಒಂದೇ ಎತ್ತರ. ಪ್ರಮಾಣ: 1 ಸೆಂಟಿಮೀಟರ್ = 1,000 ರೂಪಾಯಿ.